ಕುಲ್ಸುಂಬಿ ಕಟ್ಟಿದ ಲಾಯ, ಚಾಂದನಿ ಒಲ್ಲದ ಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹದೇವಪುರದಿಂದ ವಿಮಾನಪುರದ ಕಡೆಗೆ ಹೊರಳುವ ಮಣ್ಣು ರಸ್ತೆಯ ಪಕ್ಕ, ಬೈಲಪ್ಪನವರ ಗುಲಾಬಿ ತೋಟದ ನಡುವೆ, ಹೊಸ ಲಾಯದ ತಗಡಿನ ಮಾಡಿನ ಮೇಲೆ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಬಾಯಲ್ಲಿ ಮೊಳೆ. ಒಂದೆರಡಲ್ಲ, ಒಂದು ಹಿಡಿ. ಬಾಯಿತುಂಬ ಮೊಳೆ ಇಟ್ಟುಕೊಂಡೂ ಸ್ಪಷ್ಟವಾಗಿ ಬೈಯಬಲ್ಲವರು ಈ ಭೂಮಂಡಲದಲ್ಲಿ ಇವರೊಬ್ಬರೇ. ಇನ್ನೊಬ್ಬರಿದ್ದರೆ ಕರೆತನ್ನಿ, ನೋಡೋಣ.

ಬೈಗುಳ ಹೋಗುತ್ತಿರುವುದು ಕೆಳಗೆ ನಿಂತ ಬಿಳಿ ಕುದುರೆಗೆ. ಹೆಸರು ಚಾಂದನಿ. ಮುಂಗಾಲು ಎರಡೂ ಲಾಯದ ಹೊಸ್ತಿಲ ಮೇಲೆ, ಹಿಂಗಾಲು ಎರಡೂ ಹೊರಗೆ. ಹಗ್ಗ ಹಿಡಿದು ಎಳೆಯುತ್ತಿರುವ ಕುದುರೆಯ ಯಜಮಾನ ಲತೀಫ್ ಅವರ ಚಪ್ಪಲಿ ಒಂದು ಕಡೆ, ಅವರು ಒಂದು ಕಡೆ. ಅಷ್ಟರಲ್ಲಿ ಬೆಳಗಿನ ಮೊದಲ ವಿಮಾನ ಇಳಿಯುತ್ತ ಬರುತ್ತದೆ. ಈ ತೋಟದ ಮೇಲೆ ವಿಮಾನ ಎಷ್ಟು ತಗ್ಗಿನಲ್ಲಿ ಹಾಯುತ್ತದೆಂದರೆ, ಕಿಟಕಿ ಪಕ್ಕ ಕುಳಿತವರ ಮೂಗುತಿಯ ಹರಳು ಎಣಿಸಬಹುದು. ನಾನು ಎಣಿಸಿದ್ದೇನೆ. ತಗಡು ಗುಂಯ್ ಎಂದು ಹಾಡುತ್ತದೆ, ಚಾಂದನಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ, ಲತೀಫ್ ಗುಲಾಬಿ ಮುಳ್ಳಿನ ಮೇಲೆ ಕೂರುತ್ತಾರೆ.

"ನೋಡಮ್ಮೋ, ನಾನ್ ಹೇಳ್ಲಿಲ್ವಾ? ವಿಮಾನದ್ದೇ ಕಾಟ!" ಎನ್ನುತ್ತಾರೆ ಬೈಲಪ್ಪ, ಗೆದ್ದವರ ದನಿಯಲ್ಲಿ.

ಮೇಲಿನಿಂದ ಉತ್ತರ ಬರುತ್ತದೆ. "ಹೇಳಿದ್ರಿ ಅಣ್ಣಾ, ಹೇಳಿದ್ರಿ. ಅದಕ್ಕೇ ತಗಡು ಎತ್ತಿ ಗೋಣಿ ತುಂಬ್ತಾ ಇದೀನಿ. ಇನ್ನೇನು, ವಿಮಾನಕ್ಕೂ ಹತ್ತಿ ಕಟ್ಲಾ?"

ಇವರು ಉಮ್ಮೆ ಕುಲ್ಸುಂ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಿಗೆಲ್ಲ ಕುಲ್ಸುಂಬಿ. ವಯಸ್ಸು ಐವತ್ತರ ಆಸುಪಾಸು, ತೂಕ ಮಡಚಿದ ಕೊಡೆಯಷ್ಟು. ಬುರ್ಖಾ ಬಿಚ್ಚಿ ಗೇಟಿನ ಮೊಳೆಗೆ ತಗುಲಿಹಾಕಿ, ತೀರಿಹೋದ ಗಂಡನ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಏಣಿ ಹತ್ತಿದರೆಂದರೆ ಟೀಗೆ ಮಾತ್ರ ಇಳಿಯುವುದು. ಟೀಗೆ ದಿನಕ್ಕೆ ನೂರು ಸಲ ಇಳಿಯುತ್ತಾರೆ, ಅದು ಬೇರೆ ಮಾತು. ಕಂಟೋನ್ಮೆಂಟಿನಲ್ಲಿ ಜಟಕಾ ಕುದುರೆ ನಿಂತ ಯಾವ ಮಾಡನ್ನು ತೋರಿಸಿದರೂ ಅದರಲ್ಲಿ ಇವರ ಒಂದು ಮೊಳೆಯಾದರೂ ಇರುತ್ತದೆ. ಇವರನ್ನು ತಿಳಿಯದ ಕುದುರೆ ಆ ಕಡೆ ಇಲ್ಲ. ತಿಳಿದ ಮನುಷ್ಯರು ಬೆರಳೆಣಿಕೆ.

ಗುಲಾಬಿ ತೋಟಕ್ಕೂ ಜಟಕಾ ಕುದುರೆಗೂ ಎಲ್ಲಿಯ ನಂಟು ಎಂದು ಕೇಳುತ್ತೀರಿ. ನಂಟು ಲದ್ದಿಯದು. ಬೈಲಪ್ಪನವರ ತಾತನ ಕಾಲದಿಂದ ಈ ತೋಟದ ಗುಲಾಬಿಗೆ ಶಿವಾಜಿನಗರದ ಕುದುರೆ ಲದ್ದಿಯೇ ಗೊಬ್ಬರ. ಎತ್ತಿನ ಗಾಡಿಯಲ್ಲಿ ಹೂವು ಹೋಗುತ್ತಿತ್ತು, ಅದೇ ಗಾಡಿಯಲ್ಲಿ ಲದ್ದಿ ಬರುತ್ತಿತ್ತು. ಆ ಗುಲಾಬಿ ಎಷ್ಟು ದಪ್ಪವೆಂದರೆ ಹಾರಕ್ಕೆ ಎರಡು ಹೂವು ಸಾಕು, ಮೂರನೆಯದು ಹಾಕಿದರೆ ಮದುಮಗನ ಕತ್ತು ಬಾಗುತ್ತದೆ. ಈಗ ಆಟೋ ಬಂದು ಜಟಕಾ ಕರಗಿವೆ. ಉಳಿದದ್ದು ಲತೀಫ್ ಅವರ ನಾಲ್ಕು. ಅವೂ ಮದುವೆ ಮೆರವಣಿಗೆಗೆ ಹೋಗಿ ಬದುಕುತ್ತಿವೆ. ಅವು ನಿಲ್ಲುವ ಗಲ್ಲಿಯನ್ನು ಈ ಶುಕ್ರವಾರದೊಳಗೆ ಖಾಲಿ ಮಾಡಬೇಕೆಂದು ಜಾಗದವರು ಹೇಳಿಬಿಟ್ಟಿದ್ದಾರೆ. ಕಾರು ನಿಲ್ಲಿಸಬೇಕಂತೆ.

"ಕುದುರೆ ನಿಮ್ದು, ಲದ್ದಿ ನಂದು. ಕರ್ಕೊಂಡ್ ಬನ್ನಿ ಸಾಬ್ರೇ" ಎಂದಿದ್ದು ಬೈಲಪ್ಪನವರೇ. ಹೇಳಿದ ಮೇಲೆ ಲಾಯ ಕಟ್ಟುವವರನ್ನು ಹುಡುಕಿ ಶಿವಾಜಿನಗರಕ್ಕೆ ಹೋದರು. ಅಲ್ಲೊಂದು ಟೀ ಅಂಗಡಿಯಲ್ಲಿ, "ಒಂದು ಒಳ್ಳೆ ಲಾಯ ಬೇಕಿತ್ತು ಗುರು" ಎಂದರು. ಅಂಗಡಿಯವನು, "ಜಮೀನಿಂದಾ?" ಎಂದ. "ಹೂಂ, ಜಮೀನಲ್ಲೇ." ಅವನು ಮೇಲಿನ ಮಹಡಿ ತೋರಿಸಿದ. ಅಲ್ಲಿ ಕರಿ ಕೋಟಿನವರೊಬ್ಬರು ಬೈಲಪ್ಪನವರನ್ನು ಕೂರಿಸಿ, ಎದುರು ಪಾರ್ಟಿ ಯಾರು ಎಂದು ಕೇಳಿದರು.

"ಪಾರ್ಟಿ ಅಂದ್ರೆ... ನಾಲ್ಕು ಕುದುರೆ ಸಾ."

"ತಕರಾರೇನು?"

"ತಕರಾರೇನಿಲ್ಲ. ಮಲಗಕ್ಕೆ ಜಾಗ ಇಲ್ಲ ಅಷ್ಟೇ."

ಲಾಯರು ಅರ್ಧ ನೋಟೀಸು ಬರೆದೂ ಆಗಿತ್ತು ಎಂದು ಬೈಲಪ್ಪ ಹೇಳುತ್ತಾರೆ. ಪೂರ್ತಿ ಬರೆದು ಕುದುರೆಗಳಿಗೆ ಅಂಚೆಯಲ್ಲಿ ಕಳಿಸಿಯೂ ಆಗಿತ್ತು ಎಂದು ನಾನು ಹೇಳುತ್ತೇನೆ. ಅಂತೂ ಲಾಯರ್ ಆಫೀಸಿನ ಮೆಟ್ಟಿಲು ಇಳಿಯುವಾಗ, ಅದೇ ಕಟ್ಟಡದ ಚಾವಣಿಯ ಸೋರಿಕೆ ಮುಚ್ಚುತ್ತಿದ್ದ ಕುಲ್ಸುಂಬಿ ಸಿಕ್ಕರು.

ಕುಲ್ಸುಂಬಿಯ ತಂದೆ ತಗಡಿನ ಟ್ರಂಕು ಮಾಡುತ್ತಿದ್ದವರು. ಮಗಳು ನಡೆಯುವ ಮೊದಲೇ ಸುತ್ತಿಗೆ ಹಿಡಿದಳು ಎಂದರೆ ನಂಬಬೇಕು. ಕೈ ಹಿಡಿದದ್ದು ಜಟಕಾ ಓಡಿಸುವವರನ್ನು. ಅವರು ಎದೆನೋವಿನಿಂದ ಹೋದಾಗ ಮನೆಯಲ್ಲಿ ಮೂರು ಮಕ್ಕಳು, ಅತ್ತೆ, ನಾದಿನಿ ಮತ್ತು ಒಂದು ಕುದುರೆ. ಆ ಮಳೆಗಾಲ ಕುದುರೆಯ ಮಾಡು ಹಾರಿಹೋಯಿತು. ಕರೆದರೆ ಯಾರೂ ಬರಲಿಲ್ಲ. ತಾವೇ ಹತ್ತಿದರು. ಪೇಪರಿಗೆ ಬರೆಯಲು ಹೋದ ನನಗೆ ಅವರೇ ಹೇಳಿದ್ದು:

"ಕೆಳಗೆ ನಿಂತು ಗಂಡಸರೆಲ್ಲ ನಗ್ತಿದ್ರು ಸಾ. ನಾನು ಮೇಲಿಂದ ಹೇಳ್ದೆ, ನಗಿ ಭಾಯ್, ನಗಿ, ನಾಳೆ ಮಳೆ ಬಂದ್ರೆ ನಿಮ್ ಮಾಡೂ ಹಾರತ್ತೆ ಅಂತ. ಹಾರ್ತು. ಅವ್ರೇ ಬಂದ್ರು."

ಆಮೇಲೆ ಒಮ್ಮೆ ಹಲಸೂರಿನಲ್ಲಿ ಮಾಡಿನಿಂದ ಬಿದ್ದು ಭುಜದ ಎಲುಬು ಮುರಿದಿದೆ. ಇಂದಿಗೂ ಬಲಗೈ ಕಿವಿಯ ಮಟ್ಟದಿಂದ ಮೇಲೇಳುವುದಿಲ್ಲ. ಎಡಗೈಯಲ್ಲಿ ಸುತ್ತಿಗೆ ಕಲಿತರು. ಇವರು ಎಡಗೈಯಲ್ಲಿ ಹೊಡೆದ ಮೊಳೆಯನ್ನು ಆನೆ ಕಟ್ಟಿ ಎಳೆದರೂ ಬರುವುದಿಲ್ಲ. ಕೇಳಿದೆ, ಆನೆ ಸಿಗಲಿಲ್ಲ, ಇಲ್ಲದಿದ್ದರೆ ತೋರಿಸುತ್ತಿದ್ದೆ.

ಬೈಲಪ್ಪನವರ ತೋಟದ ಲಾಯ ಇವರು ಮೊದಲಿನಿಂದ ಕೊನೆಯವರೆಗೆ ಕಟ್ಟಿದ ಮೊದಲ ಲಾಯ. ಈವರೆಗೆ ಎಲ್ಲ ತೇಪೆ, ಎಲ್ಲ ರಿಪೇರಿ. ಇಲ್ಲಿ ಬರಿಯ ನೆಲ ಸಿಕ್ಕಿದೆ, ಅಗಲ ಸಿಕ್ಕಿದೆ. ಗುಜರಿಯಿಂದ ತಂದ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಗೋಡೆಯಾಗಿದೆ. ಹಲಗೆಗಳ ಮೇಲೆ ಇನ್ನೂ ಕೊಡೆಯ ಚಿತ್ರ, ಗಾಜಿನ ಲೋಟದ ಚಿತ್ರ, ಈ ಕಡೆ ಮೇಲಿರಲಿ ಎನ್ನುವ ಬಾಣ. ಬಾಣಗಳು ದಿಕ್ಕಿಗೊಂದು ನೋಡುತ್ತಿವೆ. ನೆಲಕ್ಕೆ ಸಿಮೆಂಟಿಲ್ಲ, ಕೆಮ್ಮಣ್ಣು ಮತ್ತು ಮರಳು ಕುಟ್ಟಿದ ನೆಲ. ಒಳಗೆ ನಾಲ್ಕು ಕುದುರೆಗೆ ನಾಲ್ಕು ಬೇರೆ ಬೇರೆ ಕೋಣೆ, ನಡುವೆ ಆಳೆತ್ತರದ ಹಲಗೆ ಗೋಡೆ. ಆ ನಡುಗೋಡೆಗಳನ್ನು ಗಾಜಿನ ಚೂರಿನಿಂದ ಹೆರೆದು ಹೆರೆದು ಎಷ್ಟು ನಯ ಮಾಡಿದ್ದಾರೆಂದರೆ ನೊಣ ಕೂತರೆ ಜಾರಿ ಬೀಳುತ್ತದೆ. ಬಿದ್ದ ನೊಣಗಳನ್ನು ಕಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೆ ಕುದುರೆ ಒಳಗೆ ಬರುತ್ತಿಲ್ಲ. ಚಾಂದನಿ ಹಿರಿಯದು. ಅದು ಬಾರದೆ ಉಳಿದ ಮೂರೂ ಬರುವುದಿಲ್ಲ. ಹೊರಗೆ ಕಟ್ಟೋಣವೆಂದರೆ ಮೊದಲ ದಿನವೇ ಒಂದು ಸಾಲು ಗುಲಾಬಿಯನ್ನು ಬುಡಸಮೇತ ತಿಂದಿವೆ. "ಒಳಗಿದ್ರೆ ಕುದುರೆ, ಹೊರಗಿದ್ರೆ ಕಳ್ಳರು. ಶುಕ್ರವಾರದ ತನಕ ನೋಡ್ತೀನಿ ಕಣಮ್ಮ, ಆಮೇಲೆ ಟೊಮೆಟೊ ತುಂಬ್ತೀನಿ ಇದರಾಗೆ" ಎಂದು ಬೈಲಪ್ಪ ಹೇಳಿಯಾಗಿದೆ. ಅವರ ಮಾತಿನಲ್ಲಿ ಕಠಿಣತೆ ಇಲ್ಲ, ಗುಲಾಬಿ ಇದೆ. ಶುಕ್ರವಾರ ಆಚೆ ಊರಿನ ದಲ್ಲಾಳಿಯೊಬ್ಬ ಕುದುರೆ ಕೊಳ್ಳಲು ಬರುತ್ತಾನೆ. ಕೊಂಡು ಎಲ್ಲಿಗೆ ಒಯ್ಯುತ್ತಾನೆಂದು ಲತೀಫ್ ಕೇಳಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಭಯ.

ವಿಮಾನದ ಮೇಲೆ ಬೈಲಪ್ಪನವರಿಗೆ ಹಳೆಯ ಸಿಟ್ಟು. ಹಾಲು ಒಡೆದರೆ ವಿಮಾನ, ಕೋಳಿ ಮೊಟ್ಟೆ ಇಡದಿದ್ದರೆ ವಿಮಾನ. ಅವರ ಹೆಂಡತಿ ಅಣ್ಣಮ್ಮ ಬಿಡುತ್ತಾರೆಯೇ? "ಮದ್ವೆ ದಿನ ತಾಳಿ ಗಂಟು ತಪ್ಪು ಹಾಕಿದ್ದೂ ವಿಮಾನಾನೇ ಅಂತೀರಲ್ಲ" ಎಂದು ಕುಟುಕುತ್ತ ಗೋಣಿಚೀಲದ ಹೊರೆಯನ್ನು ಏಣಿಗೆ ಎತ್ತಿಕೊಡುತ್ತಾರೆ. ಮೂರು ದಿನದಿಂದ ಹೀಗೇ. ಕುಲ್ಸುಂಬಿ ಒಂದೊಂದೇ ತಗಡು ಎತ್ತಿ, ಅದರಡಿ ಗೋಣಿ ಹಾಸಿ, ಮತ್ತೆ ಹೊಡೆಯುತ್ತಿದ್ದಾರೆ. ತಗಡಿನಡಿ ಹೋದ ಗೋಣಿಚೀಲ ಲೆಕ್ಕ ಹಾಕಿದರೆ ಇಡೀ ಕಮ್ಮನಹಳ್ಳಿಗೆ ಹೊದಿಕೆ ಆದೀತು.

ಗುರುವಾರ ಬೆಳಿಗ್ಗೆ ಗೋಣಿ ಹಾಸುವ ಕೆಲಸ ಮುಗಿಯುತ್ತದೆ. ವಿಮಾನ ಬರುತ್ತದೆ. ಮಾಡು ಗುಂಯ್‌ಗುಡುವುದಿಲ್ಲ, ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಬೈಲಪ್ಪ ಚಪ್ಪಾಳೆ ತಟ್ಟುತ್ತಾರೆ. ಲತೀಫ್ ಹಗ್ಗ ಹಿಡಿಯುತ್ತಾರೆ. ಚಾಂದನಿ ಹೊಸ್ತಿಲವರೆಗೆ ಬಂದು, ಕತ್ತು ತಿರುಗಿಸಿ, ಹಿಂದಕ್ಕೆ.

ಲತೀಫ್ ಹಗ್ಗ ಬಿಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕೂರುತ್ತಾರೆ. "ಬಿಟ್ಬಿಡು ಆಪಾ. ಆಗ್ಲಿಲ್ಲ. ನಾಳೆ ಕೊಟ್ಬಿಡ್ತೀನಿ" ಎನ್ನುತ್ತಾರೆ. ಕುದುರೆಯ ಕಡೆ ನೋಡದೆ ಹೇಳುತ್ತಾರೆ.

ಆ ಹೊತ್ತಿಗೆ ಇನ್ನೊಂದು ವಿಮಾನ, ಮೊದಲಿನದಕ್ಕಿಂತ ತಗ್ಗಿನಲ್ಲಿ. ತೋಟದ ಕಾಗೆಗಳೆಲ್ಲ ಹೊಸಕೋಟೆಗೆ ಹಾರಿ ತಲುಪುವಷ್ಟು ಸದ್ದು. ಚಾಂದನಿ ತೊಟ್ಟಿಯಲ್ಲಿ ಮೂತಿ ಅದ್ದಿ ನೀರು ಕುಡಿಯುತ್ತಿದೆ. ಕಿವಿ ಕೂಡ ಅಲುಗುವುದಿಲ್ಲ.

ಮಾಡಿನ ಮೇಲಿನಿಂದ ಕುಲ್ಸುಂಬಿ ಅದನ್ನು ನೋಡುತ್ತಾರೆ. ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳುತ್ತಾರೆ.

"ಲತೀಫ್ ಭಾಯ್. ಈ ಕುದುರೆ ಎಷ್ಟು ಮದುವೆ ಮಾಡ್ಸಿದೆ?"

"ಲೆಕ್ಕ ಇಲ್ಲ ಆಪಾ."

"ಕಿವಿ ಪಕ್ಕ ಬ್ಯಾಂಡ್ ಹೊಡೀತಾರೆ, ಕಾಲ ಕೆಳಗೆ ಪಟಾಕಿ ಹಚ್ತಾರೆ. ಇದು ನಿಂತಲ್ಲೇ ನಿದ್ದೆ ಮಾಡತ್ತೆ. ಇದಕ್ಕೆ ವಿಮಾನ ಯಾವ ಲೆಕ್ಕ? ಯಾ ಅಲ್ಲಾ, ಮೂರು ದಿನ ನಾನು ಬೈಲಪ್ಪಣ್ಣನ ಭಯಕ್ಕೆ ಗೋಣಿ ಹಾಕ್ದೆ, ಕುದುರೆ ಭಯಕ್ಕಲ್ಲ!"

ಅಣ್ಣಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ಬೈಲಪ್ಪ ಆಕಾಶ ನೋಡುತ್ತಾರೆ.

ಕುಲ್ಸುಂಬಿ ಏಣಿ ಇಳಿದು ನೇರ ಲಾಯದೊಳಗೆ ಹೋಗುತ್ತಾರೆ. ಮೊದಲ ಕೋಣೆಯಲ್ಲಿ, ಕುದುರೆ ನಿಲ್ಲಬೇಕಾದ ಜಾಗದಲ್ಲಿ, ಕುದುರೆಯ ಮುಖ ಇರಬೇಕಾದ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಎಡಕ್ಕೆ ಹಲಗೆ. ಬಲಕ್ಕೆ ಹಲಗೆ. ಎದುರಿಗೆ ಹಲಗೆ, ಅದರ ಮೇಲೊಂದು ಗಾಜಿನ ಲೋಟದ ಚಿತ್ರ. ಹೊರಗೆ ಉಳಿದ ಮೂರು ಕುದುರೆಗಳು ಮೂಗಿನಲ್ಲಿ ಸದ್ದು ಮಾಡುತ್ತವೆ. ಸದ್ದು ಕೇಳುತ್ತದೆ, ಅವು ಕಾಣುವುದಿಲ್ಲ. ಹುಟ್ಟಿದಾಗಿನಿಂದ ಗಲ್ಲಿಯಲ್ಲಿ ಒಂದರ ಹೊಟ್ಟೆಗೆ ಇನ್ನೊಂದು ಒರಗಿ, ಒಂದರ ಕತ್ತಿನ ಮೇಲೆ ಇನ್ನೊಂದು ಗದ್ದ ಇಟ್ಟು ನಿಂತ ಪ್ರಾಣಿಗಳು ಇವು. ಹೊಸ್ತಿಲಲ್ಲಿ ಚಾಂದನಿ ಕತ್ತು ತಿರುಗಿಸಿ ನೋಡುತ್ತಿದ್ದುದು ವಿಮಾನವನ್ನಲ್ಲ, ಆ ಮೂರನ್ನು.

ಅವರು ಹೊರಬಂದಾಗ ಮುಖದಲ್ಲಿ ಬೈಗುಳ ಇಲ್ಲ. "ಅಣ್ಣಮ್ಮಕ್ಕಾ, ಗರಗಸ ಕೊಡಿ."

ಗರಗಸ ನಡುಗೋಡೆಗೆ ಬೀಳುತ್ತದೆ. ನೊಣ ಜಾರುವಷ್ಟು ನಯ ಮಾಡಿದ ಗೋಡೆಗೆ. ಎಡಗೈಯಲ್ಲಿ ಎಳೆಯುತ್ತಾರೆ, ನಡುನಡುವೆ ನಿಲ್ಲುತ್ತಾರೆ, ಹೆರೆದ ಜಾಗವನ್ನು ಒಮ್ಮೆ ಅಂಗೈಯಿಂದ ಸವರಿ ಮತ್ತೆ ಎಳೆಯುತ್ತಾರೆ. "ನಾನ್ ಕೊಯ್ತೀನಿ ಕೊಡಮ್ಮ" ಎಂದು ಬೈಲಪ್ಪ ಮುಂದೆ ಬಂದರೆ, "ಬೇಡ ಅಣ್ಣಾ, ನಾನು ಕಟ್ಟಿದ್ದು" ಎನ್ನುತ್ತಾರೆ. ಆಳೆತ್ತರದ ಗೋಡೆ ಎದೆಮಟ್ಟಕ್ಕೆ ಇಳಿಯುವಾಗ ಬಿಸಿಲು ನೆತ್ತಿಗೆ ಬಂದಿದೆ. ನಾನೂ ಒಂದು ಕೈ ಹಾಕಿದೆ. ಮುಕ್ಕಾಲು ಕೆಲಸ ನಾನೇ ಮಾಡಿದೆ ಎಂದು ಹೇಳಬಹುದಿತ್ತು. ಕುಲ್ಸುಂಬಿ ಈ ಪುರವಣಿಯನ್ನು ಓದಿಸಿ ಕೇಳುತ್ತಾರಂತೆ, ಆದ್ದರಿಂದ ಹಲಗೆಯ ಒಂದು ತುದಿ ಹಿಡಿದುಕೊಂಡಿದ್ದೆ ಎಂದಷ್ಟೇ ಬರೆಯುತ್ತೇನೆ.

ಈ ಬಾರಿ ಹಗ್ಗ ಇಲ್ಲ. ಲತೀಫ್ ಮೊದಲು ಉಳಿದ ಮೂರನ್ನು ಬಾಗಿಲ ಮುಂದೆ ಒತ್ತಾಗಿ ನಿಲ್ಲಿಸುತ್ತಾರೆ. ಚಾಂದನಿ ಹೊಸ್ತಿಲು ಮೂಸುತ್ತದೆ. ತಲೆ ತಗ್ಗಿಸಿ ಒಳಗೆ ಇಣುಕುತ್ತದೆ. ಒಂದು ಹೆಜ್ಜೆ. ತಗ್ಗಿದ ಗೋಡೆಯ ಆಚೆ ಕಣ್ಣು ಹಾಯುತ್ತದೆ. ಇನ್ನೊಂದು ಹೆಜ್ಜೆ. ಆಮೇಲೆ ತನ್ನ ಅಪ್ಪನ ಮನೆಗೆ ಹೋದಂತೆ ಒಳಗೆ ಹೋಗಿ ಹುಲ್ಲಿಗೆ ಬಾಯಿ ಹಾಕುತ್ತದೆ. ಹಿಂದೆಯೇ ಮೂರೂ ನುಗ್ಗುತ್ತವೆ. ಚಾಂದನಿಯ ಪಕ್ಕದ ಕೋಣೆಗೆ ಹೋದದ್ದು ಗೋಡೆಯ ಮೇಲಿಂದ ಕತ್ತು ಚಾಚಿ ಅದರ ಹೆಗಲ ಮೇಲೆ ಗದ್ದ ಇಡುತ್ತದೆ.

ಲತೀಫ್ ತಮ್ಮ ಮೊಬೈಲು ತೆಗೆದು ದಲ್ಲಾಳಿಗೆ ಒಂದೇ ಮಾತು ಹೇಳುತ್ತಾರೆ. "ಬರ್ಬೇಡಿ ಭಾಯ್." ಇಟ್ಟ ಮೇಲೂ ಬಹಳ ಹೊತ್ತು ಗೋಡೆಗೆ ಮುಖ ಮಾಡಿ ನಿಂತಿರುತ್ತಾರೆ. ಬೈಲಪ್ಪ ಬುಟ್ಟಿ ಹಿಡಿದು ಕುದುರೆಗಳ ಹಿಂದೆ ಕಾಯುತ್ತ ನಿಂತದ್ದನ್ನು ನೋಡಿ ಅಣ್ಣಮ್ಮ, "ಅವು ಮೊದ್ಲು ತಿನ್ಲಿ ಬಿಡ್ರೀ!" ಎಂದು ಗದರುತ್ತಾರೆ.

ಕುಲ್ಸುಂಬಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಟೀ ಲೋಟ ಹಿಡಿದು ಕೂರುತ್ತಾರೆ. ಅಷ್ಟು ಎತ್ತರದ ಗೋಡೆ ಯಾಕೆ ಹಾಕಿದಿರಿ ಎಂದು ಕೇಳುತ್ತೇನೆ.

"ನಮ್ ಮನೆ ಒಂದೇ ರೂಮು ಸಾ. ಆರು ಜನ. ಮದುವೆ ಆದಾಗಿಂದ ಅಲ್ಲೇ. ನಾನು ಒಬ್ಳೇ ಬಾಗ್ಲು ಹಾಕ್ಕೊಂಡು ಕೂತಿದ್ದು ಅಂದ್ರೆ ಬಚ್ಚಲಲ್ಲಿ ಮಾತ್ರ, ಅಲ್ಲೂ ಯಾರಾದ್ರೂ ತಟ್ತಾರೆ. ಇಲ್ಲಿ ಇಷ್ಟು ಜಾಗ ನೋಡಿ ನಂಗೆ ಆಸೆ ಆಯ್ತು. ನಾಲ್ಕಕ್ಕೂ ಒಂದೊಂದು ರೂಮು ಮಾಡೋಣ, ಆರಾಮಾಗಿರ್ಲಿ ಬೇಟಿಗಳು ಅಂತ." ನಗುತ್ತಾರೆ. "ಕುದುರೆಗೆ ಬೇಡ್ವಂತೆ."

ಟೀ ಮುಗಿಸಿ ಲೋಟ ಬೋರಲು ಹಾಕುತ್ತಾರೆ.

"ಬೇಡ ಅಂದ್ರೆ ಬೇಡ. ನಂಗೆ ಬೇಕು. ಬರ್ಕೊಳ್ಳಿ ಸಾ, ಪೇಪರಲ್ಲಿ ಹಾಕಿ. ದೊಡ್ಡದು ಬೇಡ, ಕಾಲು ಚಾಚೋಕೆ ಆದ್ರೆ ಸಾಕು. ಕಟ್ಟೋದು ನಾನೇ ಕಟ್ಕೋತೀನಿ. ಒಳಗಿಂದ ಚಿಲ್ಕ ಇರ್ಬೇಕು, ಅಷ್ಟೇ."