ಅಂಟುವಾಳದಲ್ಲಿ ತೊಳೆದ ವಿಶ್ವಮೇಳದ ನಾಣ್ಯ

ತಪ್ಪು ಮಾಡಿ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಆದರೆ ಅವತ್ತು ತಪ್ಪು ಮಾಡುತ್ತಿದ್ದೇನೆಂದೇ ನನಗೆ ಗೊತ್ತಿರಲಿಲ್ಲ.

ನಮ್ಮ ಮಾವ ಕುಂದಾಪುರದವರು, ಅಡುಗೆಯವರು. ಜಪಾನಿನಲ್ಲಿ ವಿಶ್ವಮೇಳ ನಡೆದಾಗ ಅಲ್ಲಿ ಒಂದು ಹೋಟೆಲಿನವರ ಜೊತೆ ಹೋಗಿ ತಿಂಗಳುಗಟ್ಟಲೆ ದೋಸೆ ಹುಯ್ದಿದ್ದರು. ಹೊರಡುವಾಗ ಧಣಿ ಖುಷಿಯಿಂದ ಕೊಟ್ಟದ್ದು ಆ ಮೇಳದ ನೆನಪಿಗೆ ಅಚ್ಚು ಹಾಕಿದ ಚಿನ್ನದ ನಾಣ್ಯ. ಅದಕ್ಕೆ ಪ್ಲಾಸ್ಟಿಕ್ ಡಬ್ಬಿ, ಅದರ ಹೊರಗೆ ಮಖಮಲ್ಲಿನ ಪೆಟ್ಟಿಗೆ, ಅದರ ಹೊರಗೆ ಬೀರುವಿನ ಬೀಗ. ಬಂದವರಿಗೆಲ್ಲ ತೋರಿಸುತ್ತಿದ್ದರಂತೆ, ಯಾರ ಕೈಗೂ ಕೊಡುತ್ತಿರಲಿಲ್ಲವಂತೆ. ಮಾವ ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಅತ್ತೆ ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆಗೆ ಬಂದರು. ಪೆಟ್ಟಿಗೆಯೂ ಬಂತು.

ನಾನು ಮೈಸೂರಿನವಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯ ಚಿನ್ನವನ್ನೆಲ್ಲ ಅಂಟುವಾಳದ ನೀರಿನಲ್ಲಿ ತೊಳೆದು ಕಲಶದ ಮುಂದೆ ಇಡುವುದು ನಮ್ಮ ಪದ್ಧತಿ. ಅತ್ತೆ ಆ ವಾರ ಇಲ್ಫರ್ಡಿನಲ್ಲಿ ನನ್ನ ನಾದಿನಿಯ ಮನೆಯಲ್ಲಿದ್ದರು. ಡಬ್ಬಿಯನ್ನು ಚಾಕುವಿನಿಂದ ಮೀಟಿ ತೆಗೆದು, ಹಳೆಯ ಟೂತ್‌ಬ್ರಷ್ಷಿನಿಂದ ನಾಣ್ಯವನ್ನು ಚೆನ್ನಾಗಿ ತಿಕ್ಕಿದೆ. ಕುಂಕುಮ ಇಟ್ಟೆ. ಅಷ್ಟು ವರ್ಷ ಸೆರೆಯಲ್ಲಿದ್ದ ಲಕ್ಷ್ಮಿಯನ್ನು ಬಿಡಿಸಿದೆನೆಂದು ಒಳಗೊಳಗೇ ಬೀಗಿದೆ ಕೂಡ.

ಹಬ್ಬ ಕಳೆದ ಮೇಲೆ ನಮ್ಮವರು ಮನೆಯ ಇನ್ಶೂರೆನ್ಸಿಗೆಂದು ಬೆಲೆ ಕಟ್ಟಿಸಲು ಅದನ್ನು ನಾಣ್ಯದ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಹಿಡಿದು, "ಇದನ್ನು ತಿಕ್ಕಿದವರು ಯಾರು?" ಎಂದನಂತೆ. ಮೈತುಂಬ ಗೀರುಗಳಂತೆ. ಸಂಗ್ರಹ ಮಾಡುವವರು ಇನ್ನು ಇದನ್ನು ಮೂಸಿಯೂ ನೋಡುವುದಿಲ್ಲವಂತೆ.

ನಮ್ಮವರು ಮುಖ ಊದಿಸಿಕೊಂಡು ಬಂದರು. "ಅಮ್ಮಂಗೆ ಹೇಳ್ಬೇಡ ಮಾರಾಯ್ತಿ. ಅಪ್ಪನ ನೆನಪು ಅಂತ ಇರೋದು ಅದೊಂದೇ. ಡಬ್ಬಿಗೆ ಹಾಕಿ ಮುಚ್ಚಿಡು."

ನನಗೆ ಹೆದರಿಕೆಯಾಯಿತು. ನಾಣ್ಯದ ಬೆಲೆ ಹೋದರೆ ಹೋಯಿತು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಉಳಿದಿದ್ದ ಒಂದು ಗುರುತನ್ನೂ ನಾನೇ ಕೆಡಿಸಿದೆನಲ್ಲ ಎಂದು ಸಂಕಟವಾಯಿತು. ಆದರೂ ಮುಚ್ಚಿಡಲು ಒಪ್ಪಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಒಂದೇ ಮನೆಯಲ್ಲಿ ಓಡಾಡುವುದು ನನ್ನಿಂದಾಗದ ಕೆಲಸ.

ಅತ್ತೆ ವಾಪಸು ಬಂದ ದಿನ ಅಡುಗೆಮನೆಯಲ್ಲಿ ಬೀನ್ಸ್ ಸೋಸುತ್ತ ಕೂತಿದ್ದರು. "ಅತ್ತೆ, ಮಾವನ ನಾಣ್ಯ ನಾನು ಹಾಳು ಮಾಡ್ಬಿಟ್ಟೆ," ಎಂದು ನಡೆದದ್ದನ್ನೆಲ್ಲ ಹೇಳಿ, ನಾಣ್ಯವನ್ನು ಅವರ ಎದುರಿಗಿಟ್ಟೆ.

ಅವರು ಸೆರಗಿಗೆ ಕೈ ಒರೆಸಿಕೊಂಡರು. ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಹೆಬ್ಬೆರಳಿನಿಂದ ಸವರಿದರು.

"ಅವ್ರ್ ಬದ್ಕಿಪ್ಪತಿಗೆ ಒಂದ್ ದಿನವೂ ನಂಗೆ ಮುಟ್ಟುಕ್ ಬಿಡ್ಲಿಲ್ಲ," ಎಂದರು. "ನಿನ್ ಕೈಯೆಲ್ಲ ಮಸಾಲಿ ಅಂತಿದ್ರ್."

ನಾಣ್ಯವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಇಷ್ಟ್ ಭಾರ ಇತ್ತಾ ಇದ್!"

ಬಾಗಿಲಲ್ಲಿ ನಿಂತಿದ್ದ ನಮ್ಮವರು ಪೆಟ್ಟಿಗೆ ತೆರೆದು ಮುಂದೆ ಹಿಡಿದರು. ಅತ್ತೆ ಅತ್ತ ನೋಡಲೇ ಇಲ್ಲ. ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬೀನ್ಸ್ ಸೋಸಲು ನೋಡಿದರು. ಒಂದೇ ಕೈಗೆ ಅದು ಆಗಲಿಲ್ಲ. ಉಳಿದದ್ದನ್ನು ನಾನು ಸೋಸಿದೆ.