ನರಕದ ಚಿತ್ರಗಳ ಪುಸ್ತಕ ಎಷ್ಟು ಹಳೆಯದು

ನಿಮ್ಮ ಅಜ್ಜನ ಬಲಗೈಯ ತೋರುಬೆರಳು ಸೊಟ್ಟಗಿತ್ತಲ್ಲ, ಅದು ಬಾಗಿಲಿಗೆ ಸಿಕ್ಕಿ ಹಾಗಾಗಿದ್ದು ಅಂತ ಅವರು ನಿಮಗೆ ಹೇಳುತ್ತಿದ್ದರು. ಸುಳ್ಳು. ಅವರಣ್ಣ ಒನಕೆಯಿಂದ ಹೊಡೆದದ್ದು. ಒಂದು ಪುಸ್ತಕಕ್ಕಾಗಿ.

ಆ ಪುಸ್ತಕ ನೀವು ನೋಡಿದ್ದೀರಿ. ನರಕದಲ್ಲಿ ಯಾವ ಪಾಪಕ್ಕೆ ಯಾವ ಶಿಕ್ಷೆ ಅಂತ ಪುಟಕ್ಕೊಂದು ಚಿತ್ರ. ಗರಗಸದಲ್ಲಿ ಸೀಳುವುದು, ನಾಲಿಗೆ ಕೀಳುವುದು, ಎಣ್ಣೆಯಲ್ಲಿ ಕರಿಯುವುದು. ನಾನು ಹಟ ಮಾಡಿದಾಗಲೆಲ್ಲ ನಮ್ಮವ್ವ ಒಂದು ಪುಟ ತೆಗೆದು ಮುಖದ ಮುಂದೆ ಹಿಡಿಯುತ್ತಿದ್ದಳು. ಮದುವೆಯಾದಾಗ ಅದನ್ನು ನನ್ನ ಸೀರೆಗಳ ನಡುವೆ ಇಟ್ಟು ಕಳಿಸಿದಳು.

ಮನೆ ಪಾಲಾದ ದಿನ ಭಾವನವರು, ಅಂದರೆ ನಿಮ್ಮ ಅಜ್ಜನ ಆ ಅಣ್ಣ, ಅದನ್ನು ನಮ್ಮ ಪೆಟ್ಟಿಗೆಯಲ್ಲಿ ಕಂಡರು. ಅವರ ಅಜ್ಜ ಪುರಾಣ ಓದುತ್ತಿದ್ದವರು. ಆ ಅಜ್ಜನ ಪುಸ್ತಕಗಳೆಲ್ಲ ಭಾವನವರ ಪಾಲಿಗೆ ಬಂದಿದ್ದವು. ಇದೂ ಅದರಲ್ಲಿ ಒಂದು, ತಮ್ಮ ಕದ್ದಿದ್ದಾನೆ ಅಂದುಕೊಂಡರು. "ಇದು ನನ್ನ ಹೆಂಡತಿ ತವರಿನದು" ಅಂತ ನಿಮ್ಮ ಅಜ್ಜ ಹೇಳಿ ಮುಗಿಸುವ ಮೊದಲೇ ಒನಕೆ ಬಿತ್ತು. ತಲೆಗೆ ಬೀಳಬೇಕಾದದ್ದು, ಕೈ ಅಡ್ಡ ತಂದರು. ಮೂಳೆ ಮುರಿದ ಸದ್ದು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದ ನನಗೂ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ. ಭಾವನವರ ಎದುರು ಮಾತಾಡಿ ಅಭ್ಯಾಸವಿರಲಿಲ್ಲ. ರಕ್ತ ಬಿದ್ದ ಪುಸ್ತಕ ಬೇಡವೆಂದು ಅವರೇ ಬಿಸಾಡಿ ಹೋದರು.

ಅಂದಿನಿಂದ ನೆಂಟರಲ್ಲಿ ಅಜ್ಜನಿಗೆ ಕಳ್ಳ ಅಂತಲೇ ಹೆಸರು. ಅದನ್ನು ಹೊತ್ತುಕೊಂಡೇ ತೀರಿಕೊಂಡರು.

ಅವರ ವರ್ಷಾಬ್ದಿಕಕ್ಕೆ ಭಾವನವರು ಡೆಟ್ರಾಯಿಟ್ ಕಡೆಯ ಮಗನ ಮನೆಯಿಂದ ಲೈಲ್‌ನಲ್ಲಿರುವ ನಮ್ಮ ಮನೆಗೆ ಬಂದರು. ಊಟವಾದ ಮೇಲೆ ನಿಮ್ಮಲ್ಲಿ ದೊಡ್ಡವಳು, ಏನೂ ತಿಳಿಯದೆ, ಆ ಪುಸ್ತಕ ತಂದು ಟೇಬಲ್ ಮೇಲಿಟ್ಟಳು.

"ದೊಡ್ಡಜ್ಜ, ಇದು ಆಂಟಿಕ್ಕಾ?"

"ಆಂಟಿಕ್ಕೇ ಕಣಮ್ಮ. ನಮ್ಮಜ್ಜನದು. ನಿಮ್ಮಜ್ಜ ಕದ್ದಿದ್ದು."

ಬಂದವರೆಲ್ಲರ ಮುಂದೆ, ತಿಥಿಯ ದಿನ.

ಮೊದಲ ಪುಟದಲ್ಲಿ ಇಸವಿ ಇಲ್ಲ. ಶಾರ್ವರಿ ಸಂವತ್ಸರ ಅಂತ ಮಾತ್ರ ಇದೆ. ಆ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಅವಳು ಫೋನಲ್ಲಿ ಹುಡುಕಿದಳು. "ನೈನ್‌ಟೀನ್ ಹಂಡ್ರೆಡ್, ಇಲ್ಲಾಂದ್ರೆ ನೈನ್‌ಟೀನ್ ಸಿಕ್ಸ್‌ಟಿ. ವಿಚ್ ವನ್, ಅಜ್ಜಿ?"

"ಅವಳನ್ನೇನು ಕೇಳ್ತೀಯ? ಸಾವಿರದ ಒಂಬೈನೂರು," ಅಂದರು ಭಾವನವರು. "ಕಾಗದ ನೋಡಿದ್ರೆ ಗೊತ್ತಾಗಲ್ವಾ? ಅರವತ್ತರ ಹೊತ್ತಿಗೆ ನಮ್ಮಜ್ಜ ಸತ್ತು ಹತ್ತು ವರ್ಷ ಆಗಿತ್ತು."

ಅಂದರೆ, ಪುಸ್ತಕ ಅರವತ್ತರದ್ದಾದರೆ ಅವರಜ್ಜನದಲ್ಲ. ನನ್ನ ಗಂಡ ಕಳ್ಳನಲ್ಲ.

ನಾನು ಪುಟ ತಿರುವಿದೆ. ತೂಕದಲ್ಲಿ ಮೋಸ ಮಾಡಿದ ಅಂಗಡಿಯವನನ್ನು ಯಮದೂತರು ತಲೆಕೆಳಗಾಗಿ ಕುದಿಯುವ ಬಾಣಲೆಗೆ ಇಳಿಸುತ್ತಿರುವ ಚಿತ್ರ. ಪಕ್ಕದಲ್ಲಿ ಅವನ ತಕ್ಕಡಿ. ಅದರ ತೂಕದ ಬಟ್ಟಿನ ಮೇಲೆ ಸಣ್ಣಗೆ "೧ ಕಿಲೋ" ಅಂತ ಬರೆದಿದೆ. ಎಷ್ಟು ಸಲ ನೋಡಿದ್ದೆನೋ, ಅವತ್ತೇ ಕಣ್ಣಿಗೆ ಬಿದ್ದದ್ದು. ನನ್ನ ಬೆರಳ ಗೆಣ್ಣುಗಳು ಉರಿದವು. ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮೂರ ಅಂಗಡಿಯಲ್ಲಿ ಸೇರು ಹೋಗಿ ಕಿಲೋ ಬಂತು. ಹೊಸ ಲೆಕ್ಕ ತಪ್ಪಿದರೆ ಮೇಷ್ಟ್ರು ಗೆಣ್ಣಿನ ಮೇಲೆ ರೂಲುದೊಣ್ಣೆಯಲ್ಲಿ ಬಾರಿಸುತ್ತಿದ್ದರು, ಚರ್ಮ ಸುಲಿಯುವ ತನಕ.

"ಭಾವ, ನಿಮ್ಮಜ್ಜನ ಕಾಲದಲ್ಲಿ ನಮ್ಮ ಕಡೆ ಕಿಲೋ ಎಲ್ಲಿತ್ತು?"

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಆ ಪುಟವನ್ನು ಮುಷ್ಟಿಯಲ್ಲಿ ಹಿಡಿದು ಎಳೆದರು. ಅರ್ಧ ಹರಿಯಿತು. ಅವರ ಮಗ ಕೈ ತಿರುಚಿ ಬಿಡಿಸಿದ, ಕುರ್ಚಿ ಉರುಳಿತು. ಮುದುಕರು ಗೋಡೆಗೆ ಒರಗಿ ಏದುಸಿರು ಬಿಡುತ್ತಾ ನನ್ನನ್ನೇ ದುರುಗುಟ್ಟಿ ನೋಡಿದರು.

"ಅವತ್ತು ಬಾಗಿಲ ಹಿಂದೇನೇ ನಿಂತಿದ್ದೆ. 'ನಮ್ಮವ್ವ ಕೊಟ್ಟಿದ್ದು' ಅಂತ ಒಂದ್ಮಾತು ಹೇಳೋಕೆ ಏನಾಗಿತ್ತು ನಿನಗೆ? ಹೇಳಿದ್ರೆ ನಾನು ಕೈ ಎತ್ತುತಿದ್ನಾ?"

ನಾನು ಬಗ್ಗಿ ಉರುಳಿದ ಕುರ್ಚಿ ಎತ್ತಿ ನಿಲ್ಲಿಸಿದೆ.

ಹರಿದ ಪುಟಕ್ಕೆ ನಿಮ್ಮಪ್ಪ ಟೇಪ್ ಹಚ್ಚಿದ್ದಾನೆ. ಅದರ ಮುಂದಿನ ಪುಟವನ್ನೂ ನೋಡಿ. ಅನ್ಯಾಯ ಕಂಡೂ ಸುಮ್ಮನಿದ್ದ ಹೆಂಗಸಿನ ಬಾಯಿಗೆ ಕಾದ ಸೀಸ ಹೊಯ್ಯುತ್ತಿದ್ದಾರೆ. ನಮ್ಮವ್ವ ಆ ಪುಟವನ್ನು ನನಗೆ ಯಾವತ್ತೂ ತೋರಿಸಿರಲಿಲ್ಲ. ಬಾಯಿಲ್ಲದ ಹುಡುಗಿ ಅಂತ ಊರವರ ಮುಂದೆ ನನ್ನನ್ನು ಹೊಗಳುತ್ತಿದ್ದಳು.