ಅಟ್ಟದ ಕಂಬಕ್ಕೆ ಎಷ್ಟು ದಪ್ಪದ ರಾಡು

ನನ್ನ ನೆನಪಿನಲ್ಲಿ ಆ ಮಧ್ಯಾಹ್ನ ನಾನು ನಿಂತುಕೊಂಡು ವೆಲ್ಡಿಂಗ್ ಮಾಡುತ್ತಿದ್ದೇನೆ. ಮುಖದ ಎದುರಿಗೇ ಕಂಬ, ಕೈಯಲ್ಲಿ ದಪ್ಪ ವೆಲ್ಡಿಂಗ್ ರಾಡು, ಭಂಗಿ ಬಹಳ ಗಂಭೀರ. ಆದರೆ ಶೆಟ್ಟಿಕೆರೆ ಹತ್ತಿರದ ನನ್ನ ಸೋದರತ್ತೆಯ ಮನೆಗೆ ಹೋಗಿ ಆ ಕಂಬವನ್ನು ನೋಡಿದರೆ ದಪ್ಪ ರಾಡಿನ ಗಂಟುಗಳೆಲ್ಲ ಮಂಡಿಯ ಎತ್ತರದಲ್ಲಿವೆ. ಅಂದರೆ ನಾನು ಕುಕ್ಕರಗಾಲಿನಲ್ಲಿ ಕೂತಿದ್ದೆ. ನನ್ನ ಪ್ಯಾಂಟಿನ ತೊಡೆಯ ಮೇಲೆ ಸುಟ್ಟ ತೂತೂ ಕಂಬದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಸರಿ, ಕೂತಿದ್ದೆ ಎಂದೇ ಬರೆಯುತ್ತೇನೆ. ಮುಂದೆಯೂ ನಾನೊಂದು ಹೇಳಿ ಕಂಬ ಇನ್ನೊಂದು ಹೇಳಿದರೆ ಕಂಬವನ್ನೇ ನಂಬಿ.

ಅತ್ತೆಯ ಮನೆಯ ಹಿಂಬದಿಯಲ್ಲಿ ಕಾಯಿ ಅಟ್ಟ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅದರ ಮೇಲೆ ಏರಿಸಿಬಿಟ್ಟರೆ ಹೆಚ್ಚುಕಮ್ಮಿ ಒಂದು ವರ್ಷ ಯಾರೂ ಮುಟ್ಟುವ ಹಾಗಿಲ್ಲ. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಆಗ ಒಡೆದರೆ ಉಂಡೆ ಕೊಬ್ಬರಿ. ನಡುವೆ ಇಳಿಸಿ ಅಂಗಳಕ್ಕೆ ಸುರಿದರೆ ಬಿಸಿಲಿಗೆ ಬಿರಿಯುತ್ತವೆ, ಮಳೆಗೆ ಮೊಳಕೆ ಒಡೆಯುತ್ತವೆ. ಹೋದ ವರ್ಷ ಆ ಅಟ್ಟದ ನಡುಗಂಬವನ್ನು ಗೆದ್ದಲು ಒಳಗಿಂದೊಳಗೇ ತಿಂದು ಮುಗಿಸಿತ್ತು. ತೊಲೆ ಜೋತು ಬಿದ್ದಿತ್ತು. ವರ್ಷದ ಫಸಲೆಲ್ಲ ಮೇಲೆ ಕೂತಿತ್ತು, ಇನ್ನೂ ಹಣ್ಣಾಗದ ಮದುವೆ ಮಾತಿನ ಹಾಗೆ.

ಅತ್ತೆ ಕಾಯುವ ಪೈಕಿಯಲ್ಲ. ಕೊಬ್ಬರಿ ಲಾರಿಯ ಡ್ರೈವರನಿಂದ ಜಾಕಿ ಇಸಿದುಕೊಂಡು, ಅದರ ಮೇಲೊಂದು ದಿಮ್ಮಿ ನಿಲ್ಲಿಸಿ ತೊಲೆಯನ್ನು ಎತ್ತಿಸಿದ್ದಳು. ಪೇಟೆಯಿಂದ ಎರಡು ಕಬ್ಬಿಣದ ಚಾನಲ್ ತರಿಸಿದ್ದಳು. ಚಾನಲ್ ಅಂದರೆ ಉದ್ದಕ್ಕೆ ಒಂದು ಮಗ್ಗುಲು ತೆರೆದ ಚೌಕ ಕೊಳವೆಯಂಥದ್ದು. ಎರಡನ್ನು ಎದುರುಬದುರು ಕೂಡಿಸಿದರೆ ಚೌಕದ ಕಂಬ. ಕೂಡಿದ ಗೆರೆಗೆ ವೆಲ್ಡಿಂಗ್ ಹಾಕಬೇಕು. ಬುದ್ಧಿ ಇದ್ದವರು ಅವನ್ನು ನೆಲದ ಮೇಲೆ ಮಲಗಿಸಿ, ಬೆಸೆದು, ಆಮೇಲೆ ನಿಲ್ಲಿಸುತ್ತಾರೆ. ಅತ್ತೆ ಮೊದಲು ನಿಲ್ಲಿಸಿ, ತೊಲೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಆಮೇಲೆ ನನಗೆ ಫೋನು ಮಾಡಿದಳು.

“ನಿನ್ ತಾವ ಅದೇನೋ ಮಿಷಿನ್ ಐತಂತಲ್ಲ. ತಗಂಬಾ. ಸಾಯಂಕಾಲಕ್ಕೆ ಜಾಕಿ ವಾಪಸ್ ಕೊಡ್ಬೇಕು.”

ಮಿಷಿನ್ ಇತ್ತು. ಟಿಫನ್ ಕ್ಯಾರಿಯರ್ ಗಾತ್ರದ್ದು. ಅದರಲ್ಲಿ ಅದುವರೆಗೆ ನಾನು ಒಂದು ಪುಸ್ತಕದ ಕಪಾಟು ಮಾಡಿದ್ದೆ. ಅದು ಈಗ ಗೋಡೆಯ ಸಹಾಯದಿಂದ ನಿಂತಿದೆ.

ದಾರಿಯಲ್ಲಿ ಚಿಕ್ಕನಾಯಕನಹಳ್ಳಿಯಲ್ಲಿ ಇಳಿದು, ನನಗೆ ವೆಲ್ಡಿಂಗ್ ಹೇಳಿಕೊಟ್ಟ ಭಾಯ್ ಅಂಗಡಿಗೆ ಹೋದೆ. ಭಾಯ್ ದೊಡ್ಡ ಮಾತಿನ ಮನುಷ್ಯ. ಊರಿನ ಅರ್ಧ ಗೇಟುಗಳು ತನ್ನವು, ಇನ್ನರ್ಧ ಕೆಟ್ಟವು ಎನ್ನುತ್ತಾರೆ. ರಾಡು ಕೇಳಿದೆ.

“ಮಲ್ಗಿರೋದಕ್ಕಾ, ನಿಂತಿರೋದಕ್ಕಾ?”

“ಏನು ವ್ಯತ್ಯಾಸ?”

“ಸಾರ್, ರಾಡು ದಪ್ಪ ಆದ್ರೆ ಕರೆಂಟು ಜಾಸ್ತಿ ಕೊಡ್ಬೇಕು. ಕರೆಂಟು ಜಾಸ್ತಿ ಆದ್ರೆ ಕರಗಿದ ಕಬ್ಬಿಣ ಕೆರೆ ಥರ ನಿಲ್ತದೆ. ಮಲ್ಗಿರೋದಕ್ಕೆ ನಡೀತದೆ. ಗೋಡೆ ಮೇಲೆ ಕೆರೆ ಕಟ್ಟೋಕಾಗ್ತದಾ? ನಿಂತಿರೋದಕ್ಕೆ ಸಣ್ಣದು, ಎರಡೂವರೆ ಎಂ.ಎಂ. ಸಣ್ಣ ಹನಿ, ಬೀಳೋಕ್ ಮುಂಚೆ ಗಟ್ಟಿ ಆಗ್ತದೆ. ಕೆಳಗಿಂದ ಮೇಲಕ್ಕೆ ಹೋಗಿ.”

ಎರಡೂವರೆಯದನ್ನೇ ತೆಗೆದುಕೊಂಡೆ. ಇರಲಿ ಅಂತ ನಾಲ್ಕು ಎಂ.ಎಂ.ದೂ ಒಂದಿಷ್ಟು ತೆಗೆದುಕೊಂಡೆ. ಈ ‘ಇರಲಿ’ ಎನ್ನುವುದನ್ನು ನಾನು ಹೇಳಿದೆನೋ ಭಾಯ್ ಹೇಳಿದರೋ ಇವತ್ತಿಗೂ ತೀರ್ಮಾನವಾಗಿಲ್ಲ.

ಅತ್ತೆ ಎರಡು ಬಗೆಯ ರಾಡನ್ನೂ ಎರಡು ಕೈಯಲ್ಲಿ ತೂಗಿ ನೋಡಿದಳು.

“ಇದೇನ್ಲಾ, ಊದುಬತ್ತಿ?”

“ನಿಂತಿರೋ ಕಂಬಕ್ಕೆ ಸಣ್ಣದೇ ಹಾಕ್ಬೇಕಂತೆ ಅತ್ತೆ.”

“ಇಷ್ಟು ಕಾಯಿ ಹೊರೋ ಕಂಬಕ್ಕೆ ಊದುಬತ್ತಿ ಹಚ್ಚಿ ಕೈ ಮುಗೀತೀಯಾ? ಬುಡು ಬುಡು. ದಪ್ಪಂದು ಹಾಕು.”

ನನಗೆ ತಿಳಿದದ್ದನ್ನು ಹೇಳಬಹುದಿತ್ತು. ಹೇಳಿದೆ ಎಂದು ನನ್ನ ನೆನಪು. ಅತ್ತೆಯ ನೆನಪಿನಲ್ಲಿ ನಾನು “ನಂಗೂ ಹಂಗೇ ಅನ್ಸಿತ್ತು” ಅಂದೆನಂತೆ.

ಮೇಲೆ ಒಣಸಿಪ್ಪೆಯ ರಾಶಿ, ಕೆಳಗೆ ಕಿಡಿ. ಅದಕ್ಕೆ ಅತ್ತೆ ಗೋಣಿಚೀಲಗಳನ್ನು ನೆನೆಸಿ, ಹಿಂಡಿ, ಅಟ್ಟದ ಕೆಳಗೆಲ್ಲ ತೋರಣದ ಹಾಗೆ ಕಟ್ಟಿದಳು. ಒಂದು ಕೊಡ ನೀರು ಸೊಂಟದ ಮೇಲಿಟ್ಟುಕೊಂಡು ನನ್ನ ಬೆನ್ನ ಹಿಂದೆ ನಿಂತಳು. ನಾನು ಮುಖಕ್ಕೆ ಕಪ್ಪು ಗಾಜು ಹಿಡಿದು, ದಪ್ಪ ರಾಡು ಸಿಕ್ಕಿಸಿ, ಅದಕ್ಕೆ ತಕ್ಕಷ್ಟು ಕರೆಂಟು ಏರಿಸಿ, ಕಂಬದ ಬುಡದಲ್ಲಿ ಕೂತು, ಹೌದು ಕೂತು, ಕಿಡಿ ಹಚ್ಚಿದೆ.

ಒಂದು ಕ್ಷಣ ಕೆರೆ ಕಟ್ಟಿತು. ಫಳಫಳ ಹೊಳೆಯುವ ಚೆಲುವಾದ ಕೆರೆ. ಆಮೇಲೆ ಕೋಡಿ ಬಿತ್ತು. ಕರಗಿದ ಕಬ್ಬಿಣ ಗಂಟುಗಂಟಾಗಿ ಕೆಳಗಿಳಿದು, ಒಂದು ಹನಿ ನನ್ನ ತೊಡೆಯ ಮೇಲೆ ಕೂತಿತು. ಮೂರು ಕಡೆ ಪ್ರಯತ್ನಿಸಿದೆ. ಮೂರು ಕಡೆಯೂ ಕೂಡಬೇಕಾದ ಗೆರೆ ಹಾಗೇ ಬಾಯಿ ಬಿಟ್ಟುಕೊಂಡಿತ್ತು; ಅದರ ಕೆಳಗೆ ಕೋಳಿ ಹಿಕ್ಕೆಯಂಥ ಗುಪ್ಪೆ.

“ಹೊಗೆ ಬಂತು!” ಎಂದು ಅತ್ತೆ ಕೊಡ ಎತ್ತಿದಳು. ಹೊಗೆ ಬಂದದ್ದು ನನ್ನ ಪ್ಯಾಂಟಿನಿಂದ. “ಕರೆಂಟು ಅತ್ತೆ, ನೀರು ಹಾಕಬೇಡ!” ಎಂದು ಕೂಗಿಕೊಂಡು ನಾನು ಅಂಗಳಕ್ಕೆ ಓಡಿದೆ. ಅಲ್ಲಿ ಹಾಕಿದಳು.

ಭಾಯ್‌ಗೆ ಫೋನು ಮಾಡಿದೆ. ಸ್ಕೂಟರಿನಲ್ಲಿ ಬಂದರು. ಕಂಬ ನೋಡಿದರು, ಒದ್ದೆಯಾದ ನನ್ನನ್ನು ನೋಡಿದರು.

“ಕೆರೆ ಕಟ್ಟಿದ್ರಾ ಸಾರ್?”

“ನಾನೇ ದಪ್ಪಂದು ಹಾಕು ಅಂದೆ ಕಣಪ್ಪ,” ಎಂದಳು ಅತ್ತೆ, ಹೊಗಳಿಕೆ ಬರುತ್ತದೆ ಎಂಬ ಹಾಗೆ.

“ಮಲಗ್ಸಿ ಮಾಡಿದ್ರೆ ಅದೇ ಸರಿ ಇತ್ತಮ್ಮಾ.”

“ಮಲಗ್ಸಿ ಮಾಡೋವರ್ಗೂ ಅಟ್ಟ ನಿಂತಿರ್ತಿತ್ತಾ? ನೀವು ಹಿಡ್ಕೊಂಡ್ ನಿಂತಿರ್ತಿದ್ರಾ?”

ಭಾಯ್ ನೆಲದಲ್ಲಿ ಮುಚ್ಚಳ ತೆರೆದಿದ್ದ ಡಬ್ಬದಿಂದ ಎರಡೂವರೆಯ ರಾಡು ಎಳೆದು, ಕರೆಂಟು ಇಳಿಸಿ, ಸರ್ಕಸ್ಸಿನವರ ಹಾಗೆ ಕೈ ತಿರುಗಿಸಿ ಶುರು ಮಾಡಿದರು. ರಾಡು ಚಟಪಟ ಸಿಡಿಯಿತು. ಅಂಟಿಕೊಂಡಿತು. ಕಿತ್ತರು. ಮತ್ತೆ ಸಿಡಿಯಿತು. ಇದು ಮಿಷಿನ್ನಲ್ಲ, ಮಕ್ಕಳ ಆಟದ ಸಾಮಾನು ಎಂದರು. ಇನ್ನೊಂದು ರಾಡು ತೆಗೆದರು, ಅದೂ ಅಷ್ಟೆ. ಅವರ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಅದನ್ನು ಮಾತ್ರ ಚೆನ್ನಾಗಿ ನೆನಪಿಟ್ಟಿದ್ದೇನೆ. ಆದರೆ ತಲೆ ಎತ್ತಿ ನೋಡಿದರೆ ತೊಲೆ, ತೊಲೆಯ ಕೆಳಗೆ ಜಾಕಿ, ಬಿಸಿಲು ಆಗಲೇ ಹಿತ್ತಿಲ ಬೇಲಿಯತ್ತ ಜಾರಿತ್ತು.

ಅತ್ತೆ ಮುಂದೆ ಬಂದು ಡಬ್ಬದಿಂದ ಎರಡು ರಾಡು ತೆಗೆದಳು. ಅವಳು ಯಾವುದನ್ನೂ ಕಣ್ಣಿನಿಂದ ನಂಬುವುದಿಲ್ಲ. ಕಾಯಿ ಇರಲಿ, ಗ್ಯಾಸ್ ಸಿಲಿಂಡರ್ ಇರಲಿ, ಹೊಸ ಮೊಬೈಲ್ ಫೋನ್ ಇರಲಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಎರಡು ರಾಡನ್ನು ಕಿವಿಯ ಪಕ್ಕ ಒಂದಕ್ಕೊಂದು ತಟ್ಟಿದಳು. ಟಪ್. ಆಮೇಲೆ ಮಿಷಿನ್ ಪಕ್ಕದಲ್ಲಿದ್ದ ದಪ್ಪ ರಾಡು ಎರಡು ತಟ್ಟಿದಳು. ಟಿಣ್.

“ಸಣ್ಣವು ಹಸಿ ಅವೆ ಕಣ್ರಪ್ಪ. ಇನ್ನೂ ಒಣಗ್ಬೇಕು.”

ಭಾಯ್ ನಕ್ಕರು. ನಗುತ್ತಲೇ ಒಂದು ರಾಡಿನ ಮೈಗೆ ಮೆತ್ತಿದ ಮಸಾಲೆಯನ್ನು ಉಗುರಿನಿಂದ ಕೆರೆದರು. ಅದು ಕಲಸಿದ ಹಿಟ್ಟಿನ ಹಾಗೆ ಉಗುರಿಗೆ ಅಂಟಿತು. ನಗು ನಿಂತಿತು. ಮೇಲೆ ನೋಡಿದರು. ಡಬ್ಬದ ನೇರಕ್ಕೆ ಅತ್ತೆಯ ತೋರಣದ ಒಂದು ಗೋಣಿಚೀಲ, ತುದಿಯಲ್ಲಿ ಒಂದು ಹನಿ.

“ಅಮ್ಮಾ, ನೆನೆಸಿದ್ದೂ ನೀವೇ!”

“ಕಂಡ್ಹಿಡಿದಿದ್ದೂ ನಾನೇ ಅಲ್ವಾ?”

ಈ ಜಾಗದಲ್ಲಿ ಮೂವರ ಕಥೆಯೂ ಬೇರೆ ಬೇರೆ. ಅತ್ತೆಯ ಕಥೆಯಲ್ಲಿ ಗೋಣಿಚೀಲವೇ ಇಲ್ಲ, ಭಾಯ್ ಹಸಿ ರಾಡು ಮಾರಿದರು. ಭಾಯ್ ಹೇಳುವುದರಲ್ಲಿ ಅತ್ತೆಯ ಕಿವಿ ಇಲ್ಲ, ಅವರೇ ಉಗುರಿನಿಂದ ಪತ್ತೆ ಮಾಡಿದರು. ನನ್ನದರಲ್ಲಿ ಎರಡೂ ಇವೆ, ಆದರೆ ನಾನು ಡಬ್ಬವನ್ನು ಅಲ್ಲಿಟ್ಟದ್ದು ಇಲ್ಲ.

ರಾಡು ಒಣಗಿಸಲು ಬಿಸಿಲು ಸಾಲದು ಎಂದರು ಭಾಯ್. ಅತ್ತೆ ಒಳಗೆ ಹೋಗಿ ರೊಟ್ಟಿ ಹಂಚನ್ನು ಒಲೆಗೆ ಇಟ್ಟಳು. ಅವಳು ರಾಡುಗಳನ್ನು ಹಂಚಿನ ಮೇಲೆ ಸಾಲಾಗಿ ಮಲಗಿಸಿ, ಸಣ್ಣ ಉರಿಯಲ್ಲಿ, ಹಪ್ಪಳ ತಿರುವಿದ ಹಾಗೆ ತಿರುವಿದಳು. ಭಾಯ್ ಅಡುಗೆಮನೆಯ ಬಾಗಿಲಲ್ಲಿ ನಿಂತು “ಸೀಯಿಸ್ಬೇಡಿ ಅಮ್ಮಾ, ಮಸಾಲೆ ಉದುರ್ತದೆ” ಎನ್ನುತ್ತಿದ್ದರು. “ಮಸಾಲೆ ಹುರಿಯೋದ್ನ ನಂಗ್ ಹೇಳ್ಕೊಡ್ತೀರಾ?” ಎನ್ನುತ್ತಿದ್ದಳು ಅವಳು. ಆಗಾಗ ಎರಡನ್ನು ತಟ್ಟಿ ಕೇಳುತ್ತಿದ್ದಳು. ಟಪ್. ಟಪ್. ಕೊನೆಗೊಮ್ಮೆ, ಟಿಣ್.

ಆಮೇಲಿನ ಕೆಲಸ ಹೇಳಿದಷ್ಟು ದೊಡ್ಡದಲ್ಲ. ಭಾಯ್ ಕೈಯಲ್ಲಿ ಸಣ್ಣ ರಾಡು, ಕಮ್ಮಿ ಕರೆಂಟು, ಗೇಣಿಗೊಂದು ಬೆರಳುದ್ದದ ಹೊಲಿಗೆ, ಬುಡದಿಂದ ಮೇಲಕ್ಕೆ. ಹನಿ ಬೀಳಲು ಮನಸ್ಸು ಮಾಡುವಷ್ಟರಲ್ಲಿ ಗಟ್ಟಿಯಾಗಿರುತ್ತಿತ್ತು. ಸೊಂಟದ ಎತ್ತರದಲ್ಲಿ ಒಂದು ಹೊಲಿಗೆ ಮಾತ್ರ ಅಂಕುಡೊಂಕು. ಅದು ನಾನು ಹಾಕಿದ್ದು ಎನ್ನುತ್ತೇನೆ ನಾನು. “ಅದೂ ನಂದೇ ಸಾರ್, ಆಗ ಸೀನು ಬಂದಿತ್ತು” ಎನ್ನುತ್ತಾರೆ ಭಾಯ್.

ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯಿತು. ಜಾಕಿ ಇಳಿಸಬೇಕು. ಭಾಯ್ ನಮ್ಮಿಬ್ಬರನ್ನೂ ದೂರ ಹೋಗಿ ಎಂದರು. ನಾನು ಹೋದೆ. ಅತ್ತೆ ಕಂಬಕ್ಕೆ ಕಿವಿ ಹಚ್ಚಿ ನಿಂತುಬಿಟ್ಟಳು.

“ಅಮ್ಮಾ, ಈಚೆ ಬನ್ನಿ!”

“ಬಿದ್ರೆ ನನ್ ಕಾಯಿ ನನ್ ಮೇಲ್ ಬೀಳ್ತವೆ. ನೀವ್ ಇಳ್ಸಿ.”

ಜಾಕಿ ಒಂದೊಂದೇ ಹಲ್ಲು ಇಳಿಯಿತು. ತೊಲೆ ಕಿರ್ರ್ ಎಂದಿತು. ಮೇಲಿಂದ ಸಿಪ್ಪೆಯ ಪುಡಿ ಅತ್ತೆಯ ತಲೆ ಮೇಲೆ ಉದುರಿತು. ಅಟ್ಟದ ರಾಶಿಯೊಳಗೆ ಏನೋ ಗುಡುಗುಡು ಸರಿದಾಡಿ ಸುಮ್ಮನಾಯಿತು. ಭಾಯ್ ಜಾಕಿಯನ್ನು ಎಳೆದು ಈಚೆ ಹಾಕಿದರು. ಕಂಬ ಅಲ್ಲೇ ಇತ್ತು. ಗೆರೆ ಕೂಡಿದ ಹಾಗೇ ಇತ್ತು.

ಆಗ ಒಂದು ಕಾಯಿ ಉರುಳಿ ಬಿತ್ತು. ಅತ್ತೆ ಹಿಡಿದಳೋ, ನೆಲಕ್ಕೆ ಬಿದ್ದ ಮೇಲೆ ಎತ್ತಿಕೊಂಡಳೋ, ಕಂಬಕ್ಕೂ ಗೊತ್ತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿದ್ದು ನನಗೂ ಭಾಯ್‌ಗೂ ಕೇಳಿಸಿತು.

“ನೋಡ್ದಾ, ಇನ್ನೂ ನೀರೈತೆ. ಇಳ್ಸಿದ್ರೆ ಏನಾಗಿರೋದು?” ಎಂದು ಕಾಯಿಯನ್ನು ನನ್ನ ಕೈಗೆ ಕೊಟ್ಟಳು. “ಹತ್ತು, ಎಲ್ಲಿತ್ತೋ ಅಲ್ಲೇ ಇಡು.”

ಏಣಿ ಹತ್ತಿದೆ. ಸಾವಿರಾರು ಕಾಯಿ, ಎಲ್ಲ ಒಂದೇ ಥರ. ಅದು ಎಲ್ಲಿತ್ತು ಅಂತ ನನಗೇನು ಗೊತ್ತು. ಅಲ್ಲೇ ಇಟ್ಟೆ ಅಂದೆ.